ವೃದ್ಧಾಶ್ರಮದಲ್ಲಿ ಜೈನ ಹಿರಿಯರು: ಆಹಾರ ನಿಯಮ ಮತ್ತು ಆರೋಗ್ಯದ ಅಗತ್ಯಗಳು

ಮಕ್ಕಳು ದೂರದ ಊರು ಅಥವಾ ವಿದೇಶದಲ್ಲಿ ನೆಲೆಸಿರುವುದು, ಮನೆಯಲ್ಲಿ ಆರೈಕೆಗೆ ಜನರಿಲ್ಲದಿರುವುದು ಮುಂತಾದ ಕಾರಣಗಳಿಂದ ಜೈನ ಕುಟುಂಬಗಳ ಹಿರಿಯರೂ ಇಂದು ವೃದ್ಧಾಶ್ರಮಗಳಿಗೆ ಸೇರುತ್ತಿದ್ದಾರೆ. ಇವುಗಳಲ್ಲಿ ಹೆಚ್ಚಿನವು ಎಲ್ಲ ಸಮುದಾಯದವರಿಗೂ ತೆರೆದ ಸಾಮಾನ್ಯ ಸಂಸ್ಥೆಗಳು. ಅಲ್ಲಿನ ಅಡುಗೆಯವರಿಗೆ "ಸಸ್ಯಾಹಾರ" ಎಂದರೆ ಅರ್ಥವಾಗುತ್ತದೆ, ಆದರೆ "ಜೈನ ಆಹಾರ" ಎಂದರೆ ಏನೆಂದು ಬಿಡಿಸಿ ಹೇಳಬೇಕಾಗುತ್ತದೆ. ಇನ್ನೊಂದೆಡೆ ಮಧುಮೇಹ, ಮೂತ್ರಪಿಂಡದ ತೊಂದರೆ, ಮರೆವಿನ ಕಾಯಿಲೆ ಮುಂತಾದವುಗಳಿಂದಾಗಿ ಹಿಂದೆ ಸುಲಭವಾಗಿದ್ದ ನಿಯಮಗಳ ಪಾಲನೆ ಕಷ್ಟವಾಗುತ್ತದೆ. ನಿಯಮ ಮತ್ತು ಆರೋಗ್ಯ ಎರಡನ್ನೂ ಕಾಪಾಡಲು ಬೇಕಾದ ಮುಖ್ಯ ವಿಷಯಗಳು ಇಲ್ಲಿವೆ.

ನಿಯಮಗಳ ಪಟ್ಟಿ

ಎಲ್ಲ ಜೈನರ ನಿಯಮವೂ ಒಂದೇ ಅಲ್ಲ. ಮಾಂಸ, ಮೊಟ್ಟೆ, ಮದ್ಯ, ಜೇನುತುಪ್ಪಗಳ ತ್ಯಾಗ ಸಾಮಾನ್ಯ. ಅದರ ಮುಂದೆ ಕೆಲವರು ಎಲ್ಲ ಕಂದಮೂಲಗಳನ್ನು ಬಿಟ್ಟಿರುತ್ತಾರೆ, ಕೆಲವರು ಈರುಳ್ಳಿ, ಬೆಳ್ಳುಳ್ಳಿಯನ್ನು ಮಾತ್ರ. ಕೆಲವರು ರಾತ್ರಿ ಊಟ ಬಿಟ್ಟರೂ ನೀರು, ಔಷಧಿ ಸೇವಿಸುತ್ತಾರೆ, ಕೆಲವರು ಅದನ್ನೂ ಸೇವಿಸುವುದಿಲ್ಲ. ಅಷ್ಟಮಿ, ಚತುರ್ದಶಿಗಳಂದು ಹಸಿರು ತರಕಾರಿ ಬಿಡುವವರು, ಏಕಾಶನ ಅಥವಾ ಉಪವಾಸ ಮಾಡುವವರೂ ಇದ್ದಾರೆ. ಆದ್ದರಿಂದ "ಜೈನ ಊಟ ಕೊಡಿ" ಎಂದಷ್ಟೇ ಹೇಳಿದರೆ ಸಾಲದು. ಆ ಹಿರಿಯರು ಏನನ್ನು ತಿನ್ನುತ್ತಾರೆ, ಏನನ್ನು ತಿನ್ನುವುದಿಲ್ಲ, ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ, ವರ್ಷದ ಯಾವ ದಿನಗಳಲ್ಲಿ ಬದಲಾವಣೆ ಇದೆ ಎಂಬುದನ್ನು ಸೇರುವ ದಿನವೇ ಬರೆದು ಒಂದು ಪ್ರತಿಯನ್ನು ಅಡುಗೆಮನೆಗೂ ಇನ್ನೊಂದನ್ನು ದಾದಿಯರಿಗೂ ಕೊಡಬೇಕು.

ಅಡುಗೆಮನೆಯಲ್ಲಿ

ಆಲೂಗಡ್ಡೆಯ ಬದಲು ಬಾಳೆಕಾಯಿ, ಬೆಳ್ಳುಳ್ಳಿ ಒಗ್ಗರಣೆಯ ಬದಲು ಇಂಗು, ಹಸಿ ಶುಂಠಿಯ ಬದಲು ಒಣ ಶುಂಠಿ ಸಾಕು. ಹೀರೆ, ಸೋರೆ, ಪಡವಲ, ಬೂದುಗುಂಬಳ, ತೊಂಡೆ, ಬೀನ್ಸ್ ಎಲ್ಲ ಕಡೆ ಸಿಗುತ್ತವೆ. ತಪ್ಪುವುದು ಹೆಚ್ಚಾಗಿ ಕಾಣದ ಕಡೆ: ಸಿದ್ಧ ಸಾಂಬಾರ್ ಪುಡಿ, ಉಪ್ಪಿನಕಾಯಿ, ಸೂಪ್ ಪುಡಿ, ಬೇಕರಿ ತಿನಿಸು. ಪೊಟ್ಟಣದ ಮೇಲಿನ ಹಸಿರು ಚುಕ್ಕೆ ಸಸ್ಯಾಹಾರವನ್ನಷ್ಟೇ ಖಚಿತಪಡಿಸುತ್ತದೆ, ಬೆಳ್ಳುಳ್ಳಿ ಅಥವಾ ಜೇನು ಇಲ್ಲವೆಂದಲ್ಲ. ಎಲ್ಲರಿಗೂ ಮಾಡುವ ಸಾರಿನಿಂದ ಒಗ್ಗರಣೆಗೆ ಮೊದಲೇ ಒಂದು ಪಾಲು ತೆಗೆದಿಟ್ಟರೆ ಪ್ರತ್ಯೇಕ ಅಡುಗೆಯ ಹೊರೆ ಕಡಿಮೆಯಾಗುತ್ತದೆ.

ಗಾಳಿಸಿದ ನೀರಿನ ಮರ್ಯಾದೆ ಒಂದು ಮುಹೂರ್ತ, ಅಂದರೆ 48 ನಿಮಿಷ. ಆಶ್ರಮದಲ್ಲಿ ಪದೇ ಪದೇ ಗಾಳಿಸುವುದು ಕಷ್ಟ. ಬೆಳಿಗ್ಗೆ ಗಾಳಿಸಿ, ಕುದಿಸಿ, ಹಿರಿಯರ ಹೆಸರು ಬರೆದ ಪಾತ್ರೆಯಲ್ಲಿಡುವುದು ಅನುಕೂಲಕರ ವ್ಯವಸ್ಥೆ.

ಪೋಷಣೆ

ವಯಸ್ಸಾದಂತೆ ಹಸಿವು ಕುಗ್ಗುತ್ತದೆ, ಆದರೆ ಸ್ನಾಯು ಕರಗದಿರಲು ಪ್ರೋಟೀನ್ ಹೆಚ್ಚೇ ಬೇಕು. ಹಿರಿಯರಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 1 ರಿಂದ 1.2 ಗ್ರಾಂ ಎಂಬುದು ತಜ್ಞರ ಸಾಮಾನ್ಯ ಸಲಹೆ. 50 ಕಿಲೋ ತೂಕದವರಿಗೆ ಇದು 50 ರಿಂದ 60 ಗ್ರಾಂ. ಮೂತ್ರಪಿಂಡದ ಕಾಯಿಲೆ ಇದ್ದವರಿಗೆ ಪ್ರಮಾಣವನ್ನು ವೈದ್ಯರೇ ನಿರ್ಧರಿಸಬೇಕು. ಹೆಸರುಬೇಳೆ, ತೊಗರಿಬೇಳೆ, ಹಾಲು, ಮೊಸರು, ಪನೀರ್ ಇದನ್ನು ಒದಗಿಸಬಲ್ಲವು. ದ್ವಿದಳ ಧಾನ್ಯದೊಂದಿಗೆ ಮೊಸರು ಬೆರೆಸದ ನಿಯಮವಿದ್ದರೆ ಬೇಳೆಯನ್ನು ಒಂದು ಹೊತ್ತಿಗೆ, ಮೊಸರನ್ನು ಇನ್ನೊಂದು ಹೊತ್ತಿಗೆ ಹಂಚಬಹುದು. ರಾಗಿ ಗಂಜಿ ಕ್ಯಾಲ್ಸಿಯಂಗೂ ಹಲ್ಲಿಲ್ಲದವರಿಗೂ ಒಳ್ಳೆಯದು.

ವಿಟಮಿನ್ ಬಿ12 ಬಗ್ಗೆ ವಿಶೇಷ ಎಚ್ಚರ ಬೇಕು. ಸಸ್ಯಾಹಾರಿಗಳಿಗೆ ಇದು ಹಾಲಿನ ಪದಾರ್ಥಗಳಿಂದ ಮಾತ್ರ ಸಿಗುತ್ತದೆ. ಮೆಟ್‌ಫಾರ್ಮಿನ್ ಮತ್ತು ಆಮ್ಲ ತಗ್ಗಿಸುವ ಮಾತ್ರೆಗಳನ್ನು ಬಹುಕಾಲ ಸೇವಿಸಿದರೆ ಅದರ ಹೀರುವಿಕೆ ಇನ್ನೂ ಕಡಿಮೆಯಾಗುತ್ತದೆ. ಕೈಕಾಲು ಜೋಮು, ನಡಿಗೆಯ ತಡವರಿಕೆ, ಮರೆವುಗಳನ್ನು "ವಯಸ್ಸಾಯಿತು" ಎಂದು ಬಿಡದೆ ರಕ್ತಪರೀಕ್ಷೆ ಮಾಡಿಸಬೇಕು.

ಸಂಜೆಯ ಊಟ ಮತ್ತು ಮಧುಮೇಹ

ಹಲವು ಆಶ್ರಮಗಳಲ್ಲಿ ರಾತ್ರಿ ಊಟ 7 ಗಂಟೆಯ ನಂತರ. ಚಳಿಗಾಲದಲ್ಲಿ ರಾಜ್ಯದ ಬಹುಭಾಗದಲ್ಲಿ 6 ಗಂಟೆ ಹೊತ್ತಿಗೆ ಸೂರ್ಯಾಸ್ತವಾಗುತ್ತದೆ. ಆದ್ದರಿಂದ 5 ಅಥವಾ 5.30ಕ್ಕೆ ಊಟ ಸಿಗುವುದೇ ಎಂದು ಸೇರುವ ಮೊದಲೇ ಕೇಳಬೇಕು. ಇಲ್ಲವಾದರೆ ಹಿರಿಯರು ಯಾರಿಗೂ ಹೇಳದೆ ಹಸಿದು ಮಲಗುತ್ತಾರೆ.

ಹೀಗೆ ಉಂಡವರು ಬೆಳಗಿನವರೆಗೆ 13 ಗಂಟೆಗೂ ಹೆಚ್ಚು ಕಾಲ ಆಹಾರವಿಲ್ಲದೆ ಇರುತ್ತಾರೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ರಾತ್ರಿ ರಕ್ತದ ಸಕ್ಕರೆ ಅಪಾಯಕಾರಿಯಾಗಿ ಇಳಿಯಬಹುದು. ನಿಯಮವನ್ನು ವೈದ್ಯರಿಗೆ ಮೊದಲೇ ತಿಳಿಸಿದರೆ ಔಷಧಿಯ ಪ್ರಮಾಣ, ಹೊತ್ತು ಅಥವಾ ಔಷಧಿಯನ್ನೇ ಬದಲಿಸಲು ಅವಕಾಶವಿರುತ್ತದೆ. ಸಕ್ಕರೆ 70ಕ್ಕಿಂತ ಕೆಳಗಿಳಿದರೆ, ಬೆವರು, ನಡುಕ, ಗೊಂದಲ ಕಂಡರೆ ರಾತ್ರಿಯಾದರೂ ತಕ್ಷಣ ಸಕ್ಕರೆ ಕೊಡಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಸೇರಿಸಬೇಕು. ಈ ಬಗ್ಗೆ ಹಿರಿಯರ ಒಪ್ಪಿಗೆಯನ್ನು ಮುಂಚೆಯೇ ಪಡೆದು ಪಟ್ಟಿಯಲ್ಲಿ ಬರೆದಿಡುವುದು ಒಳ್ಳೆಯದು. ಶ್ವೇತಾಂಬರ ಪರಂಪರೆಯ ಪ್ರತ್ಯಾಖ್ಯಾನ ಪಾಠದಲ್ಲಿಯೂ ತೀವ್ರ ಅಸ್ವಸ್ಥತೆಯಲ್ಲಿ ಸಮಾಧಿ ಉಳಿಸಿಕೊಳ್ಳಲು ಔಷಧಿಗೆ ಅವಕಾಶ ನೀಡುವ ಆಗಾರ ಇದೆ.

ರಾತ್ರಿ ನೀರನ್ನೂ ಬಿಟ್ಟವರು ಹಗಲಿನಲ್ಲಿ ಸಾಕಷ್ಟು ಕುಡಿಯುವಂತೆ ನೋಡಿಕೊಳ್ಳಬೇಕು. ವಯಸ್ಸಾದವರಿಗೆ ಬಾಯಾರಿಕೆ ಸರಿಯಾಗಿ ತಿಳಿಯುವುದಿಲ್ಲ. ಮೂತ್ರವರ್ಧಕ ಮಾತ್ರೆ ಸೇವಿಸುವವರು ವೈದ್ಯರ ಸಲಹೆಯಿಲ್ಲದೆ ನಿರ್ಜಲ ಉಪವಾಸ ಮಾಡಬಾರದು.

ಔಷಧಿಗಳು

ಹೆಚ್ಚಿನ ಕ್ಯಾಪ್ಸೂಲ್‌ಗಳ ಹೊರಕವಚ ಪ್ರಾಣಿಜನ್ಯ ಜೆಲಾಟಿನ್‌ನದು. ಸಸ್ಯಮೂಲದ ಕವಚ ಅಥವಾ ಅದೇ ಔಷಧಿಯ ಮಾತ್ರೆ, ದ್ರವ ಇದೆಯೇ ಎಂದು ಕೇಳಬಹುದು. ವಿಟಮಿನ್ ಡಿ3 ಸಾಮಾನ್ಯವಾಗಿ ಕುರಿ ಉಣ್ಣೆಯ ಜಿಡ್ಡಿನಿಂದ, ಒಮೆಗಾ-3 ಹೆಚ್ಚಾಗಿ ಮೀನಿನೆಣ್ಣೆಯಿಂದ, ಹೆಪಾರಿನ್ ಹಂದಿಯ ಕರುಳಿನಿಂದ ತಯಾರಾಗುತ್ತವೆ. ಇಂದು ಬಳಕೆಯಲ್ಲಿರುವ ಮಾನವ ಇನ್ಸುಲಿನ್ ಮಾತ್ರ ಪ್ರಾಣಿಗಳಿಂದ ತೆಗೆದದ್ದಲ್ಲ. ಪರ್ಯಾಯ ಸಿಗುವವರೆಗೆ ಯಾವ ಔಷಧಿಯನ್ನೂ ತಾವಾಗಿಯೇ ನಿಲ್ಲಿಸಬಾರದು.

ಹೊತ್ತಿನ ವಿಷಯದಲ್ಲಿ, ದಿನಕ್ಕೆರಡು ಬಾರಿಯ ಮಾತ್ರೆಗಳನ್ನು ಹಲವು ಬಾರಿ ಹಗಲಿನೊಳಗೇ ಹೊಂದಿಸಬಹುದು. ಥೈರಾಯ್ಡ್ ಮಾತ್ರೆಯನ್ನು ತಿಂಡಿಗೆ ಅರ್ಧದಿಂದ ಒಂದು ಗಂಟೆ ಮೊದಲು ಕೊಡಬೇಕಾದ್ದರಿಂದ, ಸೂರ್ಯೋದಯದ 48 ನಿಮಿಷದ ನಂತರವೇ ಬಾಯಿ ತೆರೆಯುವವರಿಗೆ ತಿಂಡಿಯನ್ನು ಸ್ವಲ್ಪ ತಡವಾಗಿ ಕೊಡಬೇಕು.

ಮರೆವು ಮತ್ತು ಊಟ ಬಿಡುವುದು

ಮರೆವಿನ ಕಾಯಿಲೆ ಬಂದವರು ತಮ್ಮ ನಿಯಮವನ್ನು ತಾವೇ ಹೇಳಲಾರರು. ಕೊಟ್ಟದ್ದನ್ನು ತಿಂದುಬಿಡುತ್ತಾರೆ, ಇಲ್ಲವೇ ಕತ್ತಲಾದ ಮೇಲೆ ಹಸಿವೆಂದು ಅಳುತ್ತಾರೆ. ಜೀವಮಾನವಿಡೀ ಪಾಲಿಸಿದ ನಿಯಮವನ್ನು ಆಗ ಕಾಯುವುದು ಆ ಬರೆದಿಟ್ಟ ಪಟ್ಟಿಯೇ. ರಾತ್ರಿ ಹಸಿವಾದರೆ ಏನು ಮಾಡಬೇಕೆಂಬುದನ್ನೂ ಹಿರಿಯರು ಹೇಳಬಲ್ಲ ಸ್ಥಿತಿಯಲ್ಲಿರುವಾಗಲೇ ಕುಟುಂಬ ಕೇಳಿಕೊಳ್ಳಬೇಕು.

ಹಿರಿಯರು ಊಟ ಬಿಟ್ಟರೆ ಅದನ್ನು ವ್ರತವೆಂದು ತಕ್ಷಣ ಭಾವಿಸಬಾರದು. ಹಲ್ಲಿನ ಸೆಟ್ಟಿನ ನೋವು, ಬಾಯಿಹುಣ್ಣು, ಮಲಬದ್ಧತೆ, ನುಂಗುವ ತೊಂದರೆ, ಔಷಧಿಯ ಪರಿಣಾಮ, ಖಿನ್ನತೆ, ಇಲ್ಲವೇ ಊಟ ಶುದ್ಧವೋ ಎಂಬ ಸಂಶಯವೂ ಕಾರಣವಾಗಿರಬಹುದು. ಸಲ್ಲೇಖನ ಗುರುಗಳ ಅನುಮತಿಯಿಂದ, ಪೂರ್ಣ ಅರಿವಿನಿಂದ, ಹಂತ ಹಂತವಾಗಿ ಕೈಗೊಳ್ಳುವ ವ್ರತ. ಬೇಸರದಿಂದ ಊಟ ಬಿಡುವುದು ಅದಲ್ಲ. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಇದನ್ನು ಆತ್ಮಹತ್ಯೆಗೆ ಸಮವೆಂದು ಹೇಳಿದ ತೀರ್ಪಿಗೆ ಅದೇ ತಿಂಗಳು ಸುಪ್ರೀಂ ಕೋರ್ಟ್ ತಡೆ ನೀಡಿತು. ಇಂಥ ವಿಷಯದಲ್ಲಿ ಕುಟುಂಬ, ಗುರುಗಳು, ವೈದ್ಯರು ಮತ್ತು ಆಶ್ರಮದವರು ಒಟ್ಟಿಗೆ ಕುಳಿತು ಮಾತನಾಡುವುದು ಅಗತ್ಯ.

ಸೇರುವ ಮೊದಲು ಕೇಳಬೇಕಾದವು

• ಸೂರ್ಯಾಸ್ತಕ್ಕೆ ಮೊದಲು ಬಿಸಿ ಊಟ ಪ್ರತಿದಿನ ಸಿಗುವುದೇ?
• ಪಾತ್ರೆ, ಸೌಟು ಪ್ರತ್ಯೇಕವಾಗಿ ಇಡುವರೇ?
• ಅಡುಗೆಯವರು ರಜೆಯಲ್ಲಿದ್ದರೆ ಬದಲಿ ಯಾರು?
• ದಶಲಕ್ಷಣ, ಪರ್ಯುಷಣ ಪರ್ವಗಳಲ್ಲಿ ಬೇರೆ ವ್ಯವಸ್ಥೆ ಸಾಧ್ಯವೇ?
• ತಿಂಗಳಿಗೊಮ್ಮೆ ತೂಕ ನೋಡಿ ಕುಟುಂಬಕ್ಕೆ ತಿಳಿಸುವರೇ?
• ಆಸ್ಪತ್ರೆಗೆ ಸೇರಿಸುವಾಗ ನಿಯಮದ ಪಟ್ಟಿಯನ್ನೂ ಕಳುಹಿಸುವರೇ?

ತೂಕ ಇಳಿಯುತ್ತಿದ್ದರೆ ಊಟದ ವ್ಯವಸ್ಥೆ ಎಲ್ಲೋ ತಪ್ಪುತ್ತಿರಬಹುದು ಎಂಬುದರ ಮೊದಲ ಸೂಚನೆ ಅದು. ಆರೈಕೆಯಲ್ಲಿ ನಿರ್ಲಕ್ಷ್ಯ ಕಂಡುಬಂದರೆ ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು.