ಎರಡು ವ್ಯವಸ್ಥೆ, ಒಂದು ಲ್ಯಾಪ್‌ಟಾಪ್: ಬೂಟ್‌ಲೋಡರ್ ತೊಂದರೆಗಳ ನಾಲ್ಕು ದಶಕ

ವಿಂಡೋಸ್ ಜೊತೆಗೆ ಲಿನಕ್ಸ್ ಇಟ್ಟುಕೊಂಡ ಲ್ಯಾಪ್‌ಟಾಪಿನಲ್ಲಿ ಒಂದು ದಿನ ಆಯ್ಕೆಯ ಪಟ್ಟಿಯೇ ಮಾಯವಾಗುತ್ತದೆ, ಇಲ್ಲವೇ ಕಪ್ಪು ಪರದೆಯಲ್ಲಿ 'ಗ್ರಬ್ ರೆಸ್ಕ್ಯೂ' ಎಂಬ ಸಾಲು ಬಂದು ನಿಲ್ಲುತ್ತದೆ. ಗಾಬರಿಬಿದ್ದವರು ಡಿಸ್ಕನ್ನು ಅಳಿಸಿ ಎಲ್ಲವನ್ನೂ ಹೊಸದಾಗಿ ಹಾಕುತ್ತಾರೆ. ಬಹುಪಾಲು ಇದು ಅನಗತ್ಯ ನಷ್ಟ. ಕಡತಗಳಿಗೆ ಏನೂ ಆಗಿರುವುದಿಲ್ಲ. ಫರ್ಮ್‌ವೇರ್ ಬೂಟ್‌ಲೋಡರನ್ನು ಎಬ್ಬಿಸಬೇಕು, ಬೂಟ್‌ಲೋಡರ್ ಕರ್ನೆಲನ್ನು ಎಬ್ಬಿಸಬೇಕು. ಈ ಸರಪಳಿ ಎಲ್ಲಿ ತುಂಡಾಯಿತು ಎಂಬುದನ್ನು ಮೊದಲು ಪತ್ತೆ ಮಾಡಬೇಕು. ತುಂಡಾಗುವ ಜಾಗ ಕಾಲಕ್ಕೆ ತಕ್ಕಂತೆ ಬದಲಾಗಿದೆ. ಆ ಚರಿತ್ರೆ ತಿಳಿದಿದ್ದರೆ ಇಂದಿನ ದುರಸ್ತಿಯೂ ಸುಲಭ.

ಜಾಗದ ಜಗಳ

1983ರಲ್ಲಿ ಪಿಸಿ ಡಾಸ್ 2.0 ಜೊತೆ ಬಂದ ಎಂಬಿಆರ್, ಹಾರ್ಡ್ ಡಿಸ್ಕಿನ ಮೊದಲ 512 ಬೈಟ್‌ಗಳ ತುಣುಕು. ಅದರಲ್ಲಿ ಬೂಟ್ ಮಾಡುವ ಸಂಕೇತಕ್ಕೆ ಸಿಗುತ್ತಿದ್ದುದು 446 ಬೈಟ್. 64 ಬೈಟ್ ನಾಲ್ಕು ಪಾರ್ಟಿಷನ್‌ಗಳ ವಿವರಕ್ಕೆ ಮೀಸಲು. ಅಲ್ಲಿ ಒಬ್ಬರೇ ಕೂರಬಹುದಿತ್ತು. ವಿಂಡೋಸ್ ಹಾಕಿದೊಡನೆ ಅಲ್ಲಿದ್ದ ಲಿನಕ್ಸ್ ಲೋಡರ್ ಅಳಿಸಿಹೋಗುತ್ತಿತ್ತು. 'ಮೊದಲು ವಿಂಡೋಸ್, ಆಮೇಲೆ ಲಿನಕ್ಸ್' ಎಂಬ ಬುದ್ಧಿಮಾತು ಹುಟ್ಟಿದ್ದು ಇದರಿಂದಲೇ.

ವರ್ನರ್ ಆಲ್ಮೆಸ್‌ಬರ್ಗರ್ ಬರೆದ ಲಿಲೊ 1990ರ ದಶಕದ ಲಿನಕ್ಸ್ ಬಳಕೆದಾರರಿಗೆ ಆಸರೆಯಾಯಿತು. ಅದಕ್ಕೆ ಫೈಲ್ ಸಿಸ್ಟಮ್ ಅರ್ಥವಾಗುತ್ತಿರಲಿಲ್ಲ. ಕರ್ನೆಲ್ ಡಿಸ್ಕಿನ ಯಾವ ಜಾಗದಲ್ಲಿದೆ ಎಂದಷ್ಟೇ ಗುರುತಿಟ್ಟುಕೊಳ್ಳುತ್ತಿತ್ತು. ಕರ್ನೆಲ್ ಬದಲಿಸಿ ಲಿಲೊ ಆಜ್ಞೆಯನ್ನು ಮತ್ತೆ ಓಡಿಸಲು ಮರೆತರೆ ಯಂತ್ರ ಏಳುತ್ತಿರಲಿಲ್ಲ. ಆದರೆ ಅದು ತನ್ನ ಹೆಸರಿನ ಅಕ್ಷರಗಳನ್ನು ಹಂತಹಂತವಾಗಿ ಪರದೆಗೆ ತರುತ್ತಿತ್ತು. ಎಷ್ಟನೆಯ ಅಕ್ಷರಕ್ಕೆ ನಿಂತಿತೋ ತೊಂದರೆ ಆ ಹಂತದಲ್ಲಿ.

ಹೆಸರಿನಿಂದ ಹುಡುಕುವ ಲೋಡರ್

1995ರಲ್ಲಿ ಎರಿಕ್ ಬೋಲಿನ್ ಗ್ನೂ ಹರ್ಡ್‌ಗಾಗಿ ಆರಂಭಿಸಿದ ಗ್ರಬ್, ಫೈಲ್ ಸಿಸ್ಟಮ್ ಓದಿ ಕರ್ನೆಲನ್ನು ಕಡತದ ಹೆಸರಿನಿಂದಲೇ ಹುಡುಕಿತು. ಹಳೆಯ ಗ್ರಬ್‌ನ 'ಎರರ್ 15' ಎಂದರೆ ಕಡತ ಸಿಗಲಿಲ್ಲ, 'ಎರರ್ 17' ಎಂದರೆ ಪಾರ್ಟಿಷನ್ ತೆರೆಯಲಾಗಲಿಲ್ಲ. ಇಂದಿನ ಗ್ರಬ್ 2 ಪಾರ್ಟಿಷನ್ನನ್ನು ಸಾಮಾನ್ಯವಾಗಿ ಅದರ ವಿಶಿಷ್ಟ ಗುರುತಿನಿಂದ ಹುಡುಕುತ್ತದೆ. ವಿಂಡೋಸ್ ಕಡೆಯಿಂದ ಲಿನಕ್ಸ್ ಪಾರ್ಟಿಷನ್ ಅಳಿಸಿದರೆ ಗ್ರಬ್‌ನ ಉಳಿದ ಭಾಗವೂ ಅದರೊಡನೆ ಹೋಗಿ 'ರೆಸ್ಕ್ಯೂ' ಸಾಲು ಬರುತ್ತದೆ. ಪಾರ್ಟಿಷನ್ ಇನ್ನೂ ಇದ್ದರೆ 'ಎಲ್ಎಸ್' ಆಜ್ಞೆಯಿಂದ ಅದನ್ನು ಹುಡುಕಿ, ದಾರಿ ತೋರಿಸಿ, ಲಿನಕ್ಸ್ ತೆರೆದ ಮೇಲೆ ಗ್ರಬ್ಬನ್ನು ಮತ್ತೆ ಸ್ಥಾಪಿಸಬಹುದು.

ಸರದಿಯ ಪ್ರಶ್ನೆ

ಇಂಟೆಲ್ ಆರಂಭಿಸಿದ ಇಎಫ್‌ಐ, 2005ರಲ್ಲಿ ರಚನೆಯಾದ ಒಕ್ಕೂಟದ ಕೈಗೆ ಬಂದು ಯುಇಎಫ್‌ಐ ಆಯಿತು. 2012ರ ವಿಂಡೋಸ್ 8ರ ನಂತರ ಹೊಸ ಲ್ಯಾಪ್‌ಟಾಪ್‌ಗಳೆಲ್ಲ ಅದರತ್ತ ಹೊರಳಿದವು. ಈಗ ಬೂಟ್‌ಲೋಡರ್‌ಗಳಿಗೆಂದೇ ಪ್ರತ್ಯೇಕ ಪಾರ್ಟಿಷನ್ ಇದೆ, ಒಂದೊಂದು ವ್ಯವಸ್ಥೆಗೆ ಒಂದೊಂದು ಫೋಲ್ಡರ್. ಒಬ್ಬರನ್ನೊಬ್ಬರು ಅಳಿಸುವ ಕಾಟ ಕಡಿಮೆಯಾಗಿ, ಮೊದಲ ಸರದಿ ಯಾರದು ಎಂಬುದು ಮುಖ್ಯವಾಯಿತು. ನೇರ ವಿಂಡೋಸ್ ತೆರೆದುಕೊಂಡರೆ ಗ್ರಬ್ ಅಳಿದಿಲ್ಲ, ಸರದಿಯಲ್ಲಿ ಹಿಂದೆ ಬಿದ್ದಿರಬಹುದು. ಫರ್ಮ್‌ವೇರ್ ಮೆನುವಿನಲ್ಲಿ ಅಥವಾ ಲಿನಕ್ಸ್‌ನ 'ಎಫಿಬೂಟ್‌ಎಂಜಿಆರ್' ಆಜ್ಞೆಯಿಂದ ಸರಿಪಡಿಸಬಹುದು.

ಇನ್ನೆರಡು ತೊಡಕುಗಳನ್ನೂ ಗಮನಿಸಬೇಕು. ವಿಂಡೋಸ್ ಯುಇಎಫ್‌ಐ ಕ್ರಮದಲ್ಲೂ ಲಿನಕ್ಸ್ ಹಳೆಯ ಬಯಾಸ್ ಕ್ರಮದಲ್ಲೂ ಸ್ಥಾಪನೆಯಾಗಿದ್ದರೆ ಒಂದರ ಮೆನುವಿನಿಂದ ಇನ್ನೊಂದನ್ನು ತೆರೆಯಲಾಗದು. ಹಾಗೆಯೇ 2021ರ ಗ್ರಬ್ 2.06ರಿಂದ, ಬೇರೆ ವ್ಯವಸ್ಥೆಗಳನ್ನು ಹುಡುಕುವ 'ಓಎಸ್-ಪ್ರೋಬರ್' ಭದ್ರತೆಯ ಕಾರಣಕ್ಕೆ ತಾನಾಗಿ ಓಡುವುದಿಲ್ಲ. ಪಟ್ಟಿಯಲ್ಲಿ ವಿಂಡೋಸ್ ಕಾಣದಿದ್ದರೆ ಮೊದಲು ಇದನ್ನು ನೋಡಬೇಕು.

ನಂಬಿಕೆಯ ಸಹಿ

ಸೆಕ್ಯೂರ್ ಬೂಟ್ ಬಂದ ಮೇಲೆ ಲೋಡರ್ ಇದ್ದರಷ್ಟೇ ಸಾಲದು, ಫರ್ಮ್‌ವೇರ್ ಒಪ್ಪುವ ಸಹಿಯೂ ಬೇಕು. ಲಿನಕ್ಸ್ ವಿತರಣೆಗಳು ಮೈಕ್ರೋಸಾಫ್ಟ್ ಸಹಿಯುಳ್ಳ 'ಶಿಮ್' ಎಂಬ ಪುಟ್ಟ ಲೋಡರನ್ನು ಮುಂದಿಟ್ಟು ಈ ಬಾಗಿಲು ದಾಟಿದವು. 2020ರಲ್ಲಿ ಗ್ರಬ್‌ನಲ್ಲಿ 'ಬೂಟ್‌ಹೋಲ್' ಎಂಬ ದೋಷ ಬಯಲಾದಾಗ, ದೋಷವುಳ್ಳ ಹಳೆಯ ಲೋಡರ್‌ಗಳನ್ನು ತಡೆಯಲು 'ಎಸ್‌ಬ್ಯಾಟ್' ಎಂಬ ವ್ಯವಸ್ಥೆ ರೂಪುಗೊಂಡಿತು. 2024ರ ಆಗಸ್ಟ್‌ನಲ್ಲಿ ವಿಂಡೋಸ್ ಅಪ್‌ಡೇಟ್ ಒಂದು ಈ ತಡೆಯನ್ನು ಜಾರಿಗೆ ತಂದಾಗ, ಎರಡು ವ್ಯವಸ್ಥೆಗಳಿದ್ದ ಹಲವು ಯಂತ್ರಗಳಲ್ಲಿ ಲಿನಕ್ಸ್ ಏಳದೆ ಹೋಯಿತು. ಅಂಥ ಯಂತ್ರಗಳನ್ನು ಹೊರತುಪಡಿಸುವ ಉದ್ದೇಶವಿದ್ದರೂ ಕೆಲವನ್ನು ಗುರುತಿಸಲಾಗಿರಲಿಲ್ಲ. ಸೆಕ್ಯೂರ್ ಬೂಟ್ ತಾತ್ಕಾಲಿಕವಾಗಿ ಆರಿಸಿ, ಲಿನಕ್ಸ್ ಒಳಗಿನಿಂದ ಎಸ್‌ಬ್ಯಾಟ್ ನಿಯಮ ಅಳಿಸಿ, ಶಿಮ್ಮನ್ನು ಹೊಸದಾಗಿಸಿ ಮತ್ತೆ ಹೊತ್ತಿಸುವುದು ಪರಿಹಾರವಾಯಿತು. ಆದರೆ ವಿಂಡೋಸ್‌ನ ಡಿಸ್ಕ್ ಬೀಗವಾದ ಬಿಟ್‌ಲಾಕರ್ ಇದ್ದರೆ ಅದರ ರಿಕವರಿ ಕೀ ಕೈಯಲ್ಲಿಲ್ಲದೆ ಸೆಕ್ಯೂರ್ ಬೂಟನ್ನು ಮುಟ್ಟಲೇಬಾರದು.

ಹೀಗೆ ತೊಂದರೆ ಜಾಗದಿಂದ ಸರದಿಗೆ, ಸರದಿಯಿಂದ ನಂಬಿಕೆಗೆ ಸರಿದಿದೆ. ಪರೀಕ್ಷೆಯ ಕ್ರಮ ಮಾತ್ರ ಅದೇ: ಫರ್ಮ್‌ವೇರ್ ಪಟ್ಟಿಯಲ್ಲಿ ಲಿನಕ್ಸ್ ಇದೆಯೇ? ಗ್ರಬ್ ಬರುತ್ತಿದೆಯೇ? ಅದರ ಪಟ್ಟಿ ಸರಿಯಿದೆಯೇ? ಕರ್ನೆಲ್ ಶುರುವಾಗುತ್ತಿದೆಯೇ? ಎರಡನೆಯ ವ್ಯವಸ್ಥೆ ಹಾಕಿಕೊಡುವವರು ಹೊಸಬರಿಗೆ ಈ ನಾಲ್ಕು ಪ್ರಶ್ನೆಗಳನ್ನೂ ಒಂದು ಲೈವ್ ಯುಎಸ್‌ಬಿಯನ್ನೂ ಜೊತೆಗೆ ಕೊಡಬೇಕು. ಲಿನಕ್ಸ್ ಕಲಿಯಲು ಬಂದವರು ಮೊದಲ ಕಪ್ಪು ಪರದೆಗೇ ಹೆದರಿ ಹಿಂದಿರುಗದಂತೆ ನೋಡಿಕೊಳ್ಳುವುದು ಕಲಿಸುವವರ ಹೊಣೆ.