ಕತ್ತಿ ಹೋದ ಮೇಲೆ ಬಂದ ಪದ

ಹವಾಯಿ, ಕ್ಯಾಲಿಫೋರ್ನಿಯಾ, ಬ್ರೆಜಿಲ್‌ಗಳಲ್ಲಿ ನೆಲೆಸಿದ ಜಪಾನಿ ಮೂಲದವರ ಮನೆಗಳಲ್ಲಿ ಒಂದು ಮಾತು ಆಗಾಗ ಕೇಳಿಬರುತ್ತದೆ: ‘ನಮ್ಮ ಮುತ್ತಜ್ಜ ಸಮುರಾಯ್ ಅಂತೆ.’ ಆ ‘ಅಂತೆ’ಯ ಜಾಡು ಹಿಡಿದು ಮೆಯಿಜಿ ಕಾಲದ ಸರ್ಕಾರಿ ಕಾಗದಗಳನ್ನು ಬಿಚ್ಚಿದರೆ ಅಲ್ಲಿ ಹುಡುಕಬೇಕಾದ ಪದ ಬೇರೆ. ಅದು ‘ಶಿಜೊಕು’. ಸಿನಿಮಾದವರಿಗೆ ಬೇಡವಾದ, ಗುಮಾಸ್ತರ ಲೇಖನಿಗೇ ಮೀಸಲಾಗಿದ್ದ ಒಣ ಪದ. ನನಗಂತೂ ಸಮುರಾಯ್‌ಗಿಂತ ಇದರ ಮೇಲೇ ಕುತೂಹಲ ಹೆಚ್ಚು.

ಸಮುರಾಯ್ ಪದದ ಬೇರಿನಲ್ಲಿ ಕತ್ತಿ ಇಲ್ಲ, ಊಳಿಗ ಇದೆ. ದೊಡ್ಡವರ ಬಳಿ ಅಪ್ಪಣೆಗೆ ಕಾದು ನಿಲ್ಲುವುದು ಎಂಬರ್ಥದ ಹಳೆಯ ಕ್ರಿಯಾಪದದಿಂದ ಅದು ಬಂದಿದೆ. ತೊಕುಗಾವಾ ಆಳ್ವಿಕೆಯ ಎರಡೂವರೆ ಶತಮಾನ ಬಹುಮಟ್ಟಿಗೆ ಶಾಂತಿಯಿಂದಲೇ ಕಳೆದದ್ದರಿಂದ ಸೊಂಟಕ್ಕೆ ಎರಡು ಕತ್ತಿ ಸಿಕ್ಕಿಸಿಕೊಂಡು ಲೆಕ್ಕಪತ್ರ ಬರೆದು, ಅಕ್ಕಿಯ ಲೆಕ್ಕದಲ್ಲಿ ಸಂಬಳ ಪಡೆದವರೇ ಬಹಳ. 1869ರಲ್ಲಿ ದಾಯ್‌ಮ್ಯೊಗಳು, ಅಂದರೆ ಪಾಳೆಯಗಾರರು, ತಮ್ಮ ಸೀಮೆಗಳನ್ನು ಚಕ್ರವರ್ತಿಗೆ ಒಪ್ಪಿಸಿದರು. ತೊಕುಗಾವಾಗಳನ್ನು ಇಳಿಸಿ ಬಂದ ಮೆಯಿಜಿ ಸರ್ಕಾರ ಜನರನ್ನು ಹೊಸದಾಗಿ ವಿಂಗಡಿಸಿತು: ಪಾಳೆಯಗಾರರೂ ಆಸ್ಥಾನದ ಮನೆತನದವರೂ ಕಜೊಕು, ಊಳಿಗದ ಯೋಧರು ಶಿಜೊಕು, ಉಳಿದ ಸಾಮಾನ್ಯರು ಹೆಯ್‌ಮಿನ್.

ಬಿರುದು ಕೊಟ್ಟ ಕೈಯೇ ಮಿಕ್ಕದ್ದನ್ನೆಲ್ಲ ಕಿತ್ತುಕೊಂಡಿತು. 1873ರಲ್ಲಿ ಕಡ್ಡಾಯ ಸೈನ್ಯಸೇವೆ ಬಂದು ರೈತನ ಮಗನೂ ಬಂದೂಕು ಹಿಡಿದ. 1876ರಲ್ಲಿ ಕತ್ತಿ ಧರಿಸುವುದು ನಿಷಿದ್ಧವಾಯಿತು. ಅದೇ ವರ್ಷ ತಲೆಮಾರುಗಳಿಂದ ಬರುತ್ತಿದ್ದ ಸಂಬಳ ನಿಂತು, ಬದಲಿಗೆ ಸರ್ಕಾರಿ ಸಾಲಪತ್ರ ಕೈಗೆ ಬಂತು. ಮರುವರ್ಷ ಸಾಯ್‌ಗೊ ತಕಮೊರಿಯ ಮುಂದಾಳುತನದಲ್ಲಿ ಈ ಯೋಧರು ಎದ್ದ ದಂಗೆಯೂ ಮುರಿದುಬಿತ್ತು. ಹೀಗೆ ಶಿಜೊಕು ಎಂದರೆ ಹಿಂದೆ ಏನೋ ಆಗಿದ್ದವರು ಎಂದಷ್ಟೇ ಆಯಿತು.

ಆ ಸಾಲಪತ್ರವನ್ನೇ ಬಂಡವಾಳ ಮಾಡಿಕೊಂಡು ಅಂಗಡಿ ಇಟ್ಟವರುಂಟು. ಗಿರಾಕಿಗೆ ತಲೆ ಬಾಗಿ ಗೊತ್ತಿಲ್ಲ, ಚೌಕಾಸಿ ಮಾಡಿ ಗೊತ್ತಿಲ್ಲ. ಬಹಳ ಮಂದಿ ಗಂಟು ಕಳೆದುಕೊಂಡರು. ಜಪಾನಿಯರು ಇವತ್ತಿಗೂ ಅನುಭವವಿಲ್ಲದೆ ಕೈಸುಟ್ಟುಕೊಂಡ ವ್ಯವಹಾರಕ್ಕೆ ‘ಶಿಜೊಕುವಿನ ವ್ಯಾಪಾರ’ ಅನ್ನುತ್ತಾರೆ. ಅದಕ್ಕೂ ಹಳೆಯದೊಂದು ಗಾದೆಯಿದೆ: ಯೋಧ ಉಂಡಿರದಿದ್ದರೂ ಹಲ್ಲುಕಡ್ಡಿ ಆಡಿಸುತ್ತಾನೆ. ನಮ್ಮ ‘ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ’ಯ ಪಕ್ಕದಲ್ಲಿ ಇಡಬಹುದು, ಅವರಿಗೆ ಜುಟ್ಟೂ ಇತ್ತಲ್ಲ! ಆದರೆ ನಮ್ಮದು ಬರೀ ಗೇಲಿ. ಅವರದರಲ್ಲಿ ಹಸಿವನ್ನು ಹೊರಗೆ ತೋರಗೊಡದ ಬಿಗುಮಾನದ ಮೇಲೆ ಒಂದಿಷ್ಟು ಗೌರವವೂ ಇದೆ.

ವಲಸೆ ಹೋದವರಲ್ಲಿ ಈ ಜನ ಎಷ್ಟು? ಇದ್ದರು, ಆದರೆ ಮೊಮ್ಮಕ್ಕಳು ಎಣಿಸುವಷ್ಟಲ್ಲ. 1868ರ ಅಂತರ್ಯುದ್ಧದಲ್ಲಿ ಸೋತ ಐಜು ಸೀಮೆಯವರ ಒಂದು ಸಣ್ಣ ತಂಡ ಮರುವರ್ಷವೇ ಜಾನ್ ಹೆನ್ರಿ ಶ್ನೆಲ್ ಎಂಬಾತನ ಹಿಂದೆ ಕ್ಯಾಲಿಫೋರ್ನಿಯಾದ ಗೋಲ್ಡ್ ಹಿಲ್‌ಗೆ ಬಂತು. ಚಹಾ ಬೀಜ, ಹಿಪ್ಪುನೇರಳೆ ಸಸಿ ತಂದು ನೆಟ್ಟರು. ನೀರಿಲ್ಲದೆ, ಹಣವಿಲ್ಲದೆ ಎರಡು ವರ್ಷದಲ್ಲಿ ತೋಟ ಮುಳುಗಿತು. ಶ್ನೆಲ್ ಊರು ಬಿಟ್ಟವನು ತಿರುಗಿ ಬರಲಿಲ್ಲ. ಅವನ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಒಕೆಯಿ ಎಂಬ ಹುಡುಗಿ 1871ರಲ್ಲಿ, 19ರ ವಯಸ್ಸಿಗೆ, ಅಲ್ಲೇ ತೀರಿಕೊಂಡಳು. ತಂಡದ ಸಮುರಾಯ್ ಸಕುರಾಯ್ ಮತ್ಸುನೊಸುಕೆ ಪಕ್ಕದ ವೀರ್‌ಕ್ಯಾಂಪ್ ಮನೆತನದ ಜಮೀನಿನಲ್ಲಿ ದುಡಿಯುತ್ತ ಸಾಯುವತನಕ ಅಲ್ಲೇ ಉಳಿದ.

ದೊಡ್ಡ ಪ್ರಮಾಣದ ವಲಸೆ ಶುರುವಾದದ್ದು 1885ರಲ್ಲಿ, ಸರ್ಕಾರಗಳ ಕರಾರಿನ ಮೇಲೆ, ಹವಾಯಿಯ ಕಬ್ಬಿನ ತೋಟಗಳಿಗೆ. ಹತ್ತು ವರ್ಷದಲ್ಲಿ ಸುಮಾರು 29,000 ಜನ ಹೋದರು. ಹೆಚ್ಚಿನವರು ಹಿರೊಶಿಮಾ, ಯಮಗುಚಿ ಕಡೆಯ ರೈತರು. ಅವರ ಹೆಸರಿನ ಜೊತೆ ಇದ್ದದ್ದು ಹೆಯ್‌ಮಿನ್. ಮನೆತನದ ಲಾಂಛನ ಇದೆಯಲ್ಲ ಎನ್ನುವವರಿಗೆ ನಿರಾಸೆ ಕಾದಿದೆ, ಸಾಮಾನ್ಯರೂ ಅದನ್ನು ಇಟ್ಟುಕೊಳ್ಳುತ್ತಿದ್ದರು. ಅಜ್ಜ ಕಗೊಶಿಮಾದವನಾಗಿದ್ದರೆ ಮಾತು ಬೇರೆ. ಅಲ್ಲಿ ಹೊಲ ಉಳುವ ಹಳ್ಳಿ ಸಮುರಾಯ್‌ಗಳೂ ಸೇರಿ ಹೆಚ್ಚುಕಡಿಮೆ ಕಾಲುಭಾಗ ಜನ ಆ ವರ್ಗದವರೇ. ಇನ್ನು ರಕ್ತದ ಮಾತು ಎತ್ತುವುದಾದರೆ, ಹೆಸರಾಂತ ಸಮುರಾಯ್ ಮುತ್ಸದ್ದಿ ಕತ್ಸು ಕಯ್‌ಶೂ ಅವರ ಮುತ್ತಾತನೇ ದುಡ್ಡು ಮಾಡಿದ ಅಂಧ ಲೇವಾದೇವಿಗಾರ. ಮಗನಿಗೆ ಸಮುರಾಯ್ ಸ್ಥಾನವನ್ನು ಕೊಂಡುಕೊಟ್ಟವನು.

ಹುಡುಕುವವರಿಗೆ ಗಟ್ಟಿ ಆಧಾರವೆಂದರೆ ಕೊಸೆಕಿ, ಮನೆವಾರು ದಾಖಲೆ. ಉದ್ದುದ್ದ ಗೆರೆಗಳ ನಡುವೆ ಮೇಲಿನಿಂದ ಕೆಳಕ್ಕೆ ಕುಂಚದಲ್ಲಿ ಬರೆದ ಹೆಸರುಗಳು. ಸತ್ತವರ, ಮದುವೆಯಾಗಿ ಬೇರೆ ಮನೆಗೆ ಹೋದವರ ಹೆಸರಿನ ಮೇಲೆ ಕತ್ತರಿ ಗುರುತು. ವಿಚ್ಛೇದನವಾದವರನ್ನು ಜಪಾನಿಯರು ‘ಒಂದು ಕತ್ತರಿ’ಯವರು ಅನ್ನುವುದು ಈ ಗುರುತಿನಿಂದಲೇ. ವಂಶಜರು ಮೂಲವಿಳಾಸದ ಊರಕಚೇರಿಗೆ ಸಂಬಂಧದ ಪುರಾವೆ ಕಳಿಸಿ ನಕಲು ಕೇಳಬಹುದು. ಆದರೆ ದೇಶಕ್ಕೆಲ್ಲ ಮೊದಲನೆಯದಾದ 1872ರ ಕೊಸೆಕಿ ಯಾರಿಗೂ ಸಿಗದು. ಹಿಂದೆ ಅಸ್ಪೃಶ್ಯರೆನಿಸಿಕೊಂಡಿದ್ದವರ ಗುರುತೂ ಅದರಲ್ಲಿತ್ತು. ಹೆಣ್ಣು ಗಂಡು ನೋಡುವಾಗ, ಕೆಲಸಕ್ಕೆ ತೆಗೆದುಕೊಳ್ಳುವಾಗ ಅದನ್ನು ಕೆದಕುತ್ತಾರೆಂದು 1968ರಲ್ಲಿ ಮುಚ್ಚಿಟ್ಟರು. ಸರಿಯಾದ ಕೆಲಸವೆಂದೇ ನನ್ನ ಎಣಿಕೆ. ಒಬ್ಬರ ಹೆಮ್ಮೆಯ ಪದ ಇದ್ದ ಪುಸ್ತಕದಲ್ಲೇ ಇನ್ನೊಬ್ಬರನ್ನು ಕಾಡುವ ಪದವೂ ಇತ್ತು.

ಹೆಸರೇ ದಾರಿ ತಪ್ಪಿಸುವುದೂ ಉಂಟು. ಸತ್ಸುಮಾ ಸೀಮೆ 1865ರಲ್ಲಿ ಗುಟ್ಟಾಗಿ ಇಂಗ್ಲೆಂಡಿಗೆ ಕಳಿಸಿದ ಹುಡುಗರಲ್ಲಿ 13 ವರ್ಷದ ಇಸೊನಗಾ ಹಿಕೊಸುಕೆ ಇದ್ದ. ಆಗ ಹೊರದೇಶಕ್ಕೆ ಹೋದರೆ ಮರಣದಂಡನೆ; ಅದಕ್ಕೇ ನಗಸವಾ ಕನಯೆ ಎಂಬ ಹೆಸರು ಕೊಟ್ಟರು. ಆ ಹೆಸರಲ್ಲೇ ಅವರು ಕ್ಯಾಲಿಫೋರ್ನಿಯಾದ ಸಾಂಟಾ ರೋಸಾದಲ್ಲಿ ದೊಡ್ಡ ದ್ರಾಕ್ಷಿ ತೋಟ, ವೈನ್ ಕಾರ್ಖಾನೆ ನಡೆಸಿ 1934ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಅಲ್ಲಿ ಜಪಾನಿ ವಲಸಿಗರಿಗೆ ಜಮೀನಿನ ಒಡೆತನ ತಪ್ಪಿಸಿದ 1913ರ ಭೂ ಕಾನೂನು ಬಂದು ಬಹಳ ಕಾಲವಾಗಿತ್ತು. ಆಸ್ತಿ ಬಂಧುಗಳ ಕೈ ಸೇರಲಿಲ್ಲ. ಆ ಕಾನೂನಿಗೆ ಶಿಜೊಕು, ಹೆಯ್‌ಮಿನ್ ಎಂಬ ಭೇದವಿರಲಿಲ್ಲ. ಇಬ್ಬರಿಗೂ ಅದು ಇಟ್ಟ ಹೆಸರು ಒಂದೇ: ಪೌರತ್ವಕ್ಕೆ ಅನರ್ಹನಾದ ಪರದೇಶಿ.