ಅವನೇ ಇವನು

ನಮ್ಮ ಶಾಸ್ತ್ರಕಾರರಿಗೆ ಉದಾಹರಣೆ ಬೇಕಾದಾಗಲೆಲ್ಲ ದೇವದತ್ತನೆಂಬ ಸಾಧು ಮನುಷ್ಯನೊಬ್ಬ ಒದಗಿಬರುತ್ತಾನೆ. ಎಂದೋ ಎಲ್ಲಿಯೋ ಕಂಡಿದ್ದ ದೇವದತ್ತ ಇಂದು ಇಲ್ಲಿ ಎದುರಾದಾಗ ‘ಅವನೇ ಇವನು’ ಎಂದು ಹೊಳೆಯುವ ಅರಿವಿಗೆ ಅವರು ಪ್ರತ್ಯಭಿಜ್ಞೆ ಎಂದು ಹೆಸರಿಟ್ಟರು. ಅದು ಬರಿಯ ನೆನಪೋ, ಬರಿಯ ಪ್ರತ್ಯಕ್ಷವೋ, ಎರಡೂ ಬೆರೆತ ಮೂರನೆಯದೋ ಎಂದು ತಲೆಮಾರುಗಟ್ಟಲೆ ವಾದಿಸಿದರು. ದೇವದತ್ತನನ್ನು ನಾಲ್ವರ ನಡುವೆ ನಿಲ್ಲಿಸಿ, ನೋಡಿದವರಲ್ಲಿ ಎಷ್ಟು ಮಂದಿ ಸರಿಯಾಗಿ ಗುರುತಿಸಿದರೆಂದು ಲೆಕ್ಕ ಹಾಕುವ ಗೋಜಿಗೆ ಮಾತ್ರ ಹೋದಂತಿಲ್ಲ. ಆ ಲೆಕ್ಕ ಮೊದಲಾದದ್ದು ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ.

ಅದರ ಆರಂಭ ಬಹಳ ಬಡತನದ್ದು: ಒಂದು ಪೆಟ್ಟಿಗೆ, ಒಂದು ಹಿಡಿ ಕಾಳು. ಮ್ಯಾಂಚೆಸ್ಟರಿನಲ್ಲಿ ತರ್ಕಶಾಸ್ತ್ರ, ಅರ್ಥಶಾಸ್ತ್ರಗಳನ್ನು ಬೋಧಿಸುತ್ತಿದ್ದ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ಕಾಳುಗಳನ್ನು ಪೆಟ್ಟಿಗೆಯತ್ತ ಎರಚಿ, ಒಳಗೆ ಬಿದ್ದವೆಷ್ಟೆಂದು ಎಣಿಸದೆ ಒಂದೇ ನೋಟಕ್ಕೆ ಹೇಳಿ, ಅನಂತರ ಎಣಿಸಿ ಬರೆದಿಟ್ಟ. ಹೀಗೆ 1,027 ಸಲ! 1871ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅವನು ಪ್ರಕಟಿಸಿದ ಫಲಿತಾಂಶ ಇದು: ಮೂರು, ನಾಲ್ಕು ಕಾಳುಗಳಿದ್ದಾಗ ಒಮ್ಮೆಯೂ ತಪ್ಪಿಲ್ಲ, ಐದಕ್ಕೆ ಬಂದೊಡನೆ ತಪ್ಪು ತಲೆಹಾಕಿತು, ಮುಂದೆ ಹೋದಂತೆ ಬೆಳೆಯುತ್ತಲೇ ಹೋಯಿತು. ನಾಲ್ಕರವರೆಗೆ ಕಣ್ಣು ಕಾಣುತ್ತದೆ, ಆಮೇಲೆ ಎಣಿಸಬೇಕಾಗುತ್ತದೆ. ಒಂದೂವರೆ ಶತಮಾನ ಕಳೆದರೂ ಈ ಎಲ್ಲೆಯನ್ನು ಯಾರೂ ಹೆಚ್ಚು ದೂರ ಸರಿಸಿಲ್ಲ.

ಚಿತ್ರಗಳ ವಿಷಯದಲ್ಲಿ ಕಂಡದ್ದು ಇದಕ್ಕೆ ತೀರ ವಿರುದ್ಧವಾದ ಔದಾರ್ಯ. 1967ರಲ್ಲಿ ಅಮೆರಿಕದ ರೋಜರ್ ಶೆಪರ್ಡ್ 612 ಚಿತ್ರಗಳನ್ನು ಒಂದಾದ ಮೇಲೊಂದು ತೋರಿಸಿ, ಬಳಿಕ ಹಳೆಯದೊಂದು ಹೊಸದೊಂದು ಜೊತೆಯಾಗಿಟ್ಟು ಕೇಳಿದಾಗ ನೂರಕ್ಕೆ ಸುಮಾರು 97 ಉತ್ತರಗಳು ಸರಿಯಾದವು. ಕೆನಡಾದ ಲಯೊನೆಲ್ ಸ್ಟ್ಯಾಂಡಿಂಗ್ ಇದನ್ನು ಹಠಕ್ಕೆ ಒಯ್ದ. ದಿನಕ್ಕೆ ಎರಡು ಸಾವಿರದಂತೆ ಐದು ದಿನ, ಒಂದೊಂದಕ್ಕೆ ಐದೈದು ಸೆಕೆಂಡು, ಒಟ್ಟು 10,000 ಚಿತ್ರ! ಎರಡು ದಿನ ಬಿಟ್ಟು ಪರೀಕ್ಷಿಸಿದರೆ ನೂರಕ್ಕೆ 83 ಸರಿ. 1973ರಲ್ಲಿ ಪ್ರಕಟವಾದ ಈ ಸಂಖ್ಯೆಯನ್ನು ಕೇಳಿ ಬೆರಗಾಗುವ ಮುನ್ನ ಒಂದು ಮಾತು. ಎರಡರಲ್ಲಿ ಒಂದನ್ನು ಆರಿಸುವಾಗ ಕಣ್ಣು ಮುಚ್ಚಿಕೊಂಡು ಬೆರಳಿಟ್ಟರೂ ಐವತ್ತು ಸರಿಯಾಗುತ್ತವೆ. ಆ ಪಾಲನ್ನು ಕಳೆದರೂ ಉಳಿಯುವುದು ಆರು ಸಾವಿರಕ್ಕೆ ಮಿಗಿಲು. ಬೆರಗಿಗೆ ಅಷ್ಟು ಸಾಲದೇ?

ಮುಖದ ಕಥೆಯೇ ಬೇರೆ. ಇಲ್ಲಿ ತಪ್ಪಿದರೆ ಪೆಟ್ಟು ಬೀಳುವುದು ಅಂಕಪಟ್ಟಿಗಲ್ಲ, ಮನುಷ್ಯನಿಗೆ. 1895ರಲ್ಲಿ ಲಂಡನ್ನಿನ ಬೀದಿಯೊಂದರಲ್ಲಿ ಅಡಾಲ್ಫ್ ಬೆಕ್ ಎಂಬ ನಾರ್ವೆ ದೇಶದವನನ್ನು ಹೆಂಗಸೊಬ್ಬಳು ತಡೆದು, ತನ್ನ ಒಡವೆ ಲಪಟಾಯಿಸಿದವನು ಇವನೇ ಎಂದಳು. ಹಾಗೆಯೇ ಮೋಸಹೋಗಿದ್ದ ಇನ್ನೂ ಹಲವು ಹೆಂಗಸರು ಬಂದು ನೋಡಿ ‘ಇವನೇ’ ಎಂದರು. 1877ರಲ್ಲಿ ಇಂಥದೇ ವಂಚನೆಗಾಗಿ ಜಾನ್ ಸ್ಮಿತ್ ಎಂಬವನನ್ನು ಹಿಡಿದಿದ್ದ ಪೊಲೀಸಿನವನೂ ‘ಇವನೇ ಆ ಸ್ಮಿತ್’ ಎಂದು ಪ್ರಮಾಣಮಾಡಿದ. ಬೆಕ್‌ನಿಗೆ ಏಳು ವರ್ಷ ಸೆರೆ. ಸ್ಮಿತ್‌ನ ದೇಹದ ಗುರುತಿಗೂ ಬೆಕ್‌ನ ದೇಹಕ್ಕೂ ಹೊಂದುವುದಿಲ್ಲವೆಂದು 1898ರಲ್ಲೇ ಕಡತದಿಂದ ತಿಳಿದರೂ ಬಿಡುಗಡೆಯಾಗಲಿಲ್ಲ. 1901ರಲ್ಲಿ ಹೊರಬಂದವನ ಮೇಲೆ 1904ರಲ್ಲಿ ಅದೇ ಆರೋಪ, ಅದೇ ಬಗೆಯ ಸಾಕ್ಷಿಗಳು, ಮತ್ತೆ ಅಪರಾಧಿಯೆಂಬ ತೀರ್ಮಾನ. ಅವನು ಶಿಕ್ಷೆಯ ದಾರಿ ಕಾಯುತ್ತಿದ್ದಾಗ ನಿಜವಾದ ಸ್ಮಿತ್ ಉಂಗುರ ಒತ್ತೆಯಿಡಲು ಹೋಗಿ ಸಿಕ್ಕಿಬಿದ್ದ. ಇಂಗ್ಲೆಂಡಿನಲ್ಲಿ 1907ರಲ್ಲಿ ಕ್ರಿಮಿನಲ್ ಮೇಲ್ಮನವಿಯ ನ್ಯಾಯಾಲಯ ಹುಟ್ಟಲು ಈ ಪ್ರಕರಣವೂ ಕಾರಣ. ಆ ಹೆಂಗಸರು ಸುಳ್ಳು ಹೇಳಿದರೆಂದು ನನಗೆ ತೋರುವುದಿಲ್ಲ. ಪ್ರಾಮಾಣಿಕವಾಗಿಯೇ ಅವರು ಒಬ್ಬ ನಿರಪರಾಧಿಯನ್ನು ಜೈಲಿಗೆ ಕಳಿಸಿದರು, ಭಯವಿರುವುದೂ ಅಲ್ಲಿಯೇ.

ಅವರು ಎಡವಿದ್ದೇಕೆ? 2011ರಲ್ಲಿ ಬ್ರಿಟನ್ನಿನಲ್ಲಿ ನಡೆದ ಒಂದು ಪ್ರಯೋಗ ಇದಕ್ಕೆ ಉತ್ತರದಂತಿದೆ. ಡಚ್ ಜನಕ್ಕೆ ಚಿರಪರಿಚಿತರಾದ ಇಬ್ಬರು ಮಹಿಳೆಯರ ಇಪ್ಪತ್ತಿಪ್ಪತ್ತು ಭಾವಚಿತ್ರಗಳನ್ನು ಕಲಸಿಕೊಟ್ಟು, ಒಬ್ಬೊಬ್ಬರದನ್ನು ಬೇರೆ ಬೇರೆ ಮಾಡಿರೆಂದು ಕೇಳಿದರು. ಅವರನ್ನು ಅರಿಯದ ಬ್ರಿಟಿಷರು ಸಾಮಾನ್ಯವಾಗಿ ಏಳೆಂಟು ಜನರ ಚಿತ್ರಗಳೆಂದು ಗುಂಪುಮಾಡಿದರು. ಡಚ್ಚರು ನೋಡಿದೊಡನೆಯೇ ಇಬ್ಬರದೆಂದರು. ಪರಿಚಿತ ಮುಖದಲ್ಲಿ ನಾವು ಕಾಣುವುದು ವ್ಯಕ್ತಿಯನ್ನು. ಅಪರಿಚಿತ ಮುಖದಲ್ಲಿ ಬರಿಯ ಚಿತ್ರವನ್ನು.

ಮುಖಕ್ಕೆ ಮೆದುಳಿನಲ್ಲಿ ಪ್ರತ್ಯೇಕ ಏರ್ಪಾಡೇ ಇರಬೇಕೆಂಬ ಅನುಮಾನ ಯುದ್ಧದ ಗಾಯಾಳುಗಳಿಂದ ಬಲವಾಯಿತು. ತಲೆಗೆ ಗುಂಡು ತಗುಲಿದ ತರುಣನೊಬ್ಬ ಮನೆಯವರನ್ನಷ್ಟೇ ಅಲ್ಲ, ಕನ್ನಡಿಯಲ್ಲಿ ತನ್ನ ಮುಖವನ್ನೇ ಗುರುತಿಸಲಾರದವನಾಗಿದ್ದನೆಂದು ಜರ್ಮನ್ ವೈದ್ಯ ಯೋಆಕಿಮ್ ಬೋಡಾಮರ್ 1947ರಲ್ಲಿ ಬರೆದ. 1969ರಲ್ಲಿ ರಾಬರ್ಟ್ ಯಿನ್ ಚಿತ್ರಗಳನ್ನು ತಲೆಕೆಳಗು ಮಾಡಿ ತೋರಿಸಿದಾಗ, ಮನೆ, ವಿಮಾನಗಳನ್ನು ಗುರುತಿಸುವುದು ತುಸು ಕಷ್ಟವಾಯಿತು. ಮುಖವನ್ನು ಗುರುತಿಸುವುದಂತೂ ಎಲ್ಲಕ್ಕಿಂತ ಕಠಿನವಾಯಿತು. ನೆಟ್ಟಗಿದ್ದಾಗ ಅತಿ ಸುಲಭವಾದದ್ದು ಮುಖವೇ!

ನಾವು ಅಧ್ಯಾಪಕರಿಗೆ ವಿದ್ಯಾರ್ಥಿಗಳ ಮುಖ ವಾರದಲ್ಲಿ ಗುರುತು ಹತ್ತುತ್ತದೆ, ಹೆಸರು ತಿಂಗಳಲ್ಲಿ. ಹಾಜರಿಯ ಸಂಖ್ಯೆ ವರ್ಷ ಕಳೆದರೂ ಇಲ್ಲ. ಇದು ತಿರುವುಮುರುವಾಗಿದ್ದವರೊಬ್ಬರು ನಮ್ಮ ಮಂಗಳೂರಿನಲ್ಲಿ ಬೆಳೆದರು. 1981ರ ಜುಲೈ 5ರಂದು ರಾಜನ್ ಮಹದೇವನ್ ಆ ಊರಿನಲ್ಲಿಯೇ ‘ಪೈ’ಯ ದಶಮಾಂಶಗಳನ್ನು 31,811ರವರೆಗೆ ಬಾಯಿಪಾಠವಾಗಿ ಒಪ್ಪಿಸಿ ಗಿನ್ನೆಸ್ ಪುಸ್ತಕ ಸೇರಿದರು. (1987ರಲ್ಲಿ ಜಪಾನಿನವರೊಬ್ಬರು 40,000 ಮುಟ್ಟಿದರು.) ಮುಂದೆ ಅಮೆರಿಕದ ಕಾನ್ಸಾಸಿನಲ್ಲಿ ಮನಶ್ಶಾಸ್ತ್ರಜ್ಞರು ಅವರನ್ನು ವರ್ಷಗಟ್ಟಲೆ ಪರೀಕ್ಷಿಸಿದರು. ಒಮ್ಮೆ ಓದಿ ತೋರಿಸಿದ ಅಂಕಿಗಳಲ್ಲಿ ನಾವು ನೀವು ಏಳೆಂಟನ್ನು ಹಿಂದಿರುಗಿ ಹೇಳಿದರೆ ಹೆಚ್ಚು. ಅವರು ನಲವತ್ತನ್ನು ದಾಟಿದರು. ಆದರೆ ಅಂಕಿಗಳ ಬದಲು ಪ್ರಶ್ನೆಗುರುತು, ನಕ್ಷತ್ರ ಮುಂತಾದ ಚಿಹ್ನೆಗಳನ್ನು ಕೊಟ್ಟಾಗ ಮೊದಮೊದಲು ಅವರಿಗೂ ನೆನಪಿನಲ್ಲಿ ಉಳಿದದ್ದು ಆರರಷ್ಟೇ. ದಿನಬಳಕೆಯ ವಸ್ತುಗಳ 48 ಚಿತ್ರಗಳನ್ನು ತೋರಿಸಿ, ಯಾವುದು ಎಡಗಡೆ ಕಂಡಿತು, ಯಾವುದು ಬಲಕ್ಕೆ ಮುಖಮಾಡಿತ್ತು ಎಂದು ಕೇಳಿದಾಗ, ಹೋಲಿಕೆಗೆಂದು ಆರಿಸಿದ್ದ ಎಂಟು ಮಂದಿ ಸಾಮಾನ್ಯರಿಗಿಂತ ಅವರೇ ಹಿಂದೆ ಬಿದ್ದರು. 1992ರಲ್ಲಿ ಅಚ್ಚಾದ ಆ ಪ್ರಬಂಧದ ನಾಲ್ವರು ಕರ್ತೃಗಳಲ್ಲಿ ಕೊನೆಯ ಹೆಸರು ಮಹದೇವನ್ ಅವರದೇ.